ದೊಮಾಜೆತರ ಮನೆಯ ಅಳಿಯ

ಗ್ರಾಬ್ ಊರಿನಲ್ಲಿ ಒಬ್ರೆನ್ ಎಂದರೆ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. "ಯಾವ ಒಬ್ರೆನ್?" ಎಂದು ಕೇಳುತ್ತಾರೆ. "ದೆಸಾಂಕಾಳ ಒಬ್ರೆನ್" ಎಂದರೆ ಸಾಕು, "ಓಹೋ, ಆ ದೊಮಾಜೆತ್ತಾ!" ಎಂದು ದಾರಿ ತೋರಿಸುತ್ತಾರೆ. ಗಂಡಸರನ್ನೆಲ್ಲ ಅವರವರ ಅಪ್ಪನ ಹೆಸರು ಹಿಡಿದು ಕರೆಯುವ ಊರು ಅದು. ಹೆಂಡತಿಯ ಹೆಸರು ಅಂಟಿಸಿಕೊಂಡು ತಿರುಗುವವನು ಅವನೊಬ್ಬನೇ.

ದೊಮಾಜೆತ್ ಅಂದರೆ ಮತ್ತೇನಲ್ಲ, ಮನೆ ಅಳಿಯ. ದೊಮ್ ಎಂದರೆ ಮನೆ, ಜೆತ್ ಎಂದರೆ ಅಳಿಯ. ಬಿಡಿಬಿಡಿಯಾಗಿ ಎರಡೂ ಮರ್ಯಾದೆಯ ಮಾತುಗಳೇ, ಒಟ್ಟಿಗೆ ಕೂಡಿಸಿದಾಗ ಮಾತ್ರ ಹಳಸಿಹೋಗುತ್ತವೆ. ಸಂತೆಯಿಂದ ತಂದ ಹುಂಜ ಹಳೆಯ ಕೋಳಿಗಳಿಗೆ ಹೆದರಿ ಮೂಲೆ ಹಿಡಿದರೆ ಅದನ್ನು ದೊಮಾಜೆತ್ ಅನ್ನುತ್ತಾರೆ. ಪಕ್ಕದ ಮನೆಯ ಹುಲ್ಲಟ್ಟದಲ್ಲಿ ಮಲಗುವ ಬೆಕ್ಕೂ ದೊಮಾಜೆತ್. ಕಾಡು ಪ್ಲಮ್ ಗಿಡಕ್ಕೆ ಕಸಿ ಕಟ್ಟಿದ ರೆಂಬೆ ಒಣಗಿದರೆ ದೊಮಾಜೆತ್ ಎಂದು ಬೈದು ಕಿತ್ತೆಸೆಯುತ್ತಾರೆ. ಅದೇ ರೆಂಬೆ ಚಿಗುರಿ ಹಣ್ಣು ಬಿಟ್ಟರೆ ಹೊಗಳಿಕೆ ಗಿಡಕ್ಕೆ ಹೋಗುತ್ತದೆ, ರೆಂಬೆಯ ಮಾತು ಯಾರೂ ಎತ್ತುವುದಿಲ್ಲ.

ತಮಾಷೆಯೆಂದರೆ ಒಬ್ರೆನ್ ಬಂದು ಸೇರಿದ ಮನೆತನದ ಹೆಸರೇ ದೊಮಾಜೆತ್. ಮಾವ ವಿತೋಮಿರ್ ದೊಮಾಜೆತ್, ಅತ್ತೆ ಸ್ತಾಮೆನಾ ದೊಮಾಜೆತ್. ಚರ್ಚಿನ ಮೊದಲ ಸಾಲಿನಲ್ಲಿ ಕೂರುವ, ಊರಲ್ಲೇ ಅತಿ ಹೆಚ್ಚು ರಾಸ್ಪ್‌ಬೆರಿ ತೋಟ ಇರುವ ದೊಡ್ಡ ಮನೆತನ. ಅವರಿಗೆ ಅದು ಹೆಸರು. ಇಪ್ಪತ್ತು ವರ್ಷದಿಂದ ಅವರ ತೋಟದಲ್ಲಿ ಬೆನ್ನು ಬಗ್ಗಿಸಿದ ಒಬ್ರೆನ್ ಗವ್ರಿಚ್‌ಗೆ ಮಾತ್ರ ಅದು ಬೈಗುಳ.

ಆ ವರ್ಷ ಪ್ಲಮ್ ಕೊಯ್ಲಿನಲ್ಲಿ ವಿತೋಮಿರ್ ಏಣಿಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯಿಂದ ಊರುಗೋಲು ಹಿಡಿದು ಬಂದವನು ಅಡಿಗೆಮನೆಯ ಒಲೆಯ ಪಕ್ಕದ ಮಂಚವನ್ನೇ ಸಿಂಹಾಸನ ಮಾಡಿಕೊಂಡ. ಅಲ್ಲಿಂದಲೇ ಹಂದಿಗೆ ಏನು ಹಾಕಬೇಕು, ಯಾವ ಪೀಪಾಯಿ ತೊಳೆಯಬೇಕು, ಯಾರು ಎಷ್ಟು ಕಟ್ಟಿಗೆ ಸುಟ್ಟರು ಎಂದು ಕೂಗುತ್ತಿದ್ದ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದಿದ್ದರು ಡಾಕ್ಟರು.

ನಿಲ್ಲುವಂತಿಲ್ಲ ಎಂಬುದೇ ದೊಡ್ಡ ಫಜೀತಿಯಾಯಿತು. ಮನೆಯ ಸಂತನ ಹಬ್ಬ ಹತ್ತಿರ ಬರುತ್ತಿತ್ತು. ಅಲ್ಲಿ ಮನೆತನಕ್ಕೊಬ್ಬ ಸಂತ; ದೊಮಾಜೆತರ ಸಂತ ದಿಮಿತ್ರಿ, ಅವನ ದಿನ ಮಿತ್ರೋವ್ದಾನ್. ಆ ದಿನ ಯಾರನ್ನೂ ಕರೆಯುವುದಿಲ್ಲ, ಬರಬೇಕಾದವರು ತಾವೇ ಬರುತ್ತಾರೆ. ಬಂದವರೆಲ್ಲ ಕೂರುತ್ತಾರೆ, ಮನೆಯ ಯಜಮಾನ ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಪಾದ್ರಿಯ ಜೊತೆ ಹಬ್ಬದ ದುಂಡನೆಯ ದಪ್ಪ ರೊಟ್ಟಿಯನ್ನು ಹಿಡಿದು ತಿರುಗಿಸಿ ಮುರಿಯುವವನೂ ಅವನೇ. ಅಪ್ಪ ಕೈಲಾಗದಾದಾಗ ಮಗನಿಗೆ ಒಪ್ಪಿಸುತ್ತಾನೆ. ರೊಟ್ಟಿ ಯಾರ ಕೈಗೆ ಬಂತೋ ಮನೆ ಅವನದು ಎಂದು ಊರು ಒಪ್ಪುತ್ತದೆ. ಪತ್ರ, ಸಹಿ ಎಲ್ಲ ಆಮೇಲಿನ ಮಾತು.

ವಿತೋಮಿರನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ದೆಸಾಂಕಾ ಒಬ್ಬಳೇ, ಅದಕ್ಕೇ ಒಬ್ರೆನ್‌ನನ್ನು ತಂದದ್ದು. ಈ ಸಲ ರೊಟ್ಟಿ ತನ್ನ ಕೈಗೇ ಬರುತ್ತದೆ ಎಂದು ಒಬ್ರೆನ್ ಯಾರಿಗೂ ಹೇಳಲಿಲ್ಲ. ಆದರೆ ಸುಣ್ಣ ತಂದು ಮುಂದಿನ ಕೋಣೆಯ ಗೋಡೆ ಬಳಿದ, ಒಡೆದಿದ್ದ ಹೊಸಿಲು ಬದಲಾಯಿಸಿದ. ಮದುವೆಯ ಕೋಟನ್ನು ತೆಗೆದು ಬಿಸಿಲಿಗೆ ಹಾಕಿದಾಗ ಮಗಳು ಬೋಯಾನಾ ನೋಡಿ ನಕ್ಕಳು.

"ಏನಪ್ಪಾ, ಇನ್ನೊಂದು ಮದ್ವೆನಾ?"

"ಹುಳ ಬಿದ್ದಿರತ್ತೆ ಅಂತ ಹಾಕ್ದೆ ಕಣೇ," ಎಂದ ಒಬ್ರೆನ್, ಕಿವಿಯವರೆಗೂ ಕೆಂಪಾಗಿ.

ಒಂದು ಮಧ್ಯಾಹ್ನ ಬೀನ್ಸ್ ಕಾಳಿನ ಸಾರು, ಮೆಕ್ಕೆಜೋಳದ ರೊಟ್ಟಿ, ಈರುಳ್ಳಿ ಇಟ್ಟುಕೊಂಡು ಎಲ್ಲರೂ ಊಟಕ್ಕೆ ಕೂತಿದ್ದಾಗ ಸ್ತಾಮೆನಾ ಬಾಯಿ ತೆರೆದಳು.

"ಅಲ್ಲಾ, ಮಿತ್ರೋವ್ದಾನ್‌ಗೆ ಯಾರು ನಿಲ್ತಾರೆ? ನನಗೆ ಗೊತ್ತಾಗ್ಬೇಕು. ಪಾದ್ರಿಗಳು ಕೇಳ್ತಿದ್ರು."

"ಯಾಕೆ, ನಾನು ಸತ್ತಿದೀನಾ?" ಎಂದ ವಿತೋಮಿರ್.

"ಸತ್ತಿಲ್ಲ, ನಿಂತಿಲ್ಲ. ಅದಕ್ಕೇ ಕೇಳ್ದೆ."

"ಸಾರಿಗೆ ಉಪ್ಪಿಲ್ಲ."

"ಉಪ್ಪು ನಿನ್ನ ಕೈ ಹತ್ರಾನೇ ಇದೆ. ನಾನು ಕೇಳಿದ್ದಕ್ಕೆ ಹೇಳು."

ಮುದುಕ ಉಪ್ಪು ಹಾಕಿಕೊಂಡು ಉಣ್ಣತೊಡಗಿದ. ಒಬ್ರೆನ್ ತಟ್ಟೆಯಿಂದ ತಲೆ ಎತ್ತದೆ ಉಂಡು ಎದ್ದು ಹೋದ.

ಉತ್ತರ ಸಿಕ್ಕಿದ್ದು ಮನೆಯಲ್ಲಲ್ಲ, ಸಾರಾಯಿ ಭಟ್ಟಿಯ ಮುಂದೆ. ಆ ವಾರ ಪ್ಲಮ್ ಹಣ್ಣಿನ ಗೊಜ್ಜು ಹುದುಗಿ ಸಿದ್ಧವಾಗಿತ್ತು. ನೆರೆಯ ಸ್ರೆಚ್ಕೊನ ತಾಮ್ರದ ಭಟ್ಟಿಯಲ್ಲಿ ಊರವರು ಸರದಿಯಂತೆ ಸಾರಾಯಿ ಇಳಿಸುತ್ತಿದ್ದರು. ಒಬ್ರೆನ್ ಬೆಂಕಿಗೆ ಕಟ್ಟಿಗೆ ಒಟ್ಟುತ್ತಿದ್ದ. ಸುತ್ತ ನಾಲ್ಕೈದು ಜನ ಸಣ್ಣ ಗ್ಲಾಸು ಹಿಡಿದು, ರುಚಿ ನೋಡುತ್ತೇವೆಂದು ನೆಪ ಹೇಳಿ ಕುಡಿಯುತ್ತಿದ್ದರು.

"ಚೆನ್ನಾಗಿಳೀತಿದೆ ಕಣೋ," ಎಂದ ಸ್ರೆಚ್ಕೊ. "ವೆಲ್ಕೊ ಬಂದು ಕುಡಿದ್ರೆ ಖುಷಿಯಾಗ್ತಾನೆ."

"ಯಾವ ವೆಲ್ಕೊ?"

"ಅಯ್ಯೋ, ನಿಮ್ಮ ವೆಲ್ಕೊ! ಮುದುಕನ ತಮ್ಮನ ಮಗ, ಚಾಚಕ್‌ನಲ್ಲಿ ಟೈರ್ ಅಂಗಡಿ ಇಟ್ಟಿಲ್ವಾ, ಅವ್ನು. ರೊಟ್ಟಿ ಹಿಡಿಯೋಕೆ ಬರ್ತಿದಾನಂತಲ್ಲ. ಮುದುಕ ಫೋನಲ್ಲಿ ಅರ್ಧ ಗಂಟೆ ಮಾತಾಡಿದ, ನಮ್ಮವಳು ಅಲ್ಲೇ ಕೂತಿದ್ಲು." ಒಬ್ರೆನ್‌ನ ಮುಖ ನೋಡಿ ಸ್ರೆಚ್ಕೊ ಗ್ಲಾಸು ಕೆಳಗಿಟ್ಟ. "ನಿಂಗೆ ಹೇಳಿಲ್ವಾ?"

"ಹೇಳಿದಾರೆ," ಎಂದ ಒಬ್ರೆನ್. "ಯಾಕ್ ಹೇಳಲ್ಲ?"

ಪಕ್ಕದಲ್ಲಿದ್ದವನೊಬ್ಬ ನಗುತ್ತಾ, "ಬಿಡೋ, ದೊಮಾಜೆತ್‌ಗೆ ಕಟ್ಟಿಗೆ ಒಟ್ಟೋ ಕೆಲ್ಸ ಇದ್ದೇ ಇದ್ಯಲ್ಲ, ಅದನ್ನ ಯಾರೂ ಕಿತ್ಕೊಳ್ಳಲ್ಲ," ಎಂದ. ಎಲ್ಲರೂ ನಕ್ಕರು. ಒಬ್ರೆನ್ ಕೂಡ ನಕ್ಕ. ಇಪ್ಪತ್ತು ವರ್ಷದಲ್ಲಿ ಅವನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಬೆಂಕಿ ಜೋರಾಯಿತು ಎಂದು ಸ್ರೆಚ್ಕೊ ಗದರಿದಾಗಲೇ ತಾನು ಮೂರು ದಿಮ್ಮಿ ಒಟ್ಟಿಗೇ ತುರುಕಿದ್ದೇನೆಂದು ಅವನಿಗೆ ಗೊತ್ತಾದದ್ದು.

ಅಂದಿನ ರಾತ್ರಿಯೂಟದಲ್ಲಿ ಅವನು ಚಮಚ ಕೆಳಗಿಟ್ಟು ನೇರವಾಗಿ ಕೇಳಿದ.

"ಮಾವ, ವೆಲ್ಕೊನ ಕರೆಸಿದೀರಂತೆ?"

"ಹಬ್ಬಕ್ಕೆ ಯಾರನ್ನೂ ಕರೆಯಲ್ಲ. ಅವ್ನೇ ಬರ್ತಾನೆ."

"ಮಾತು ತಿರುಗಿಸ್ಬೇಡಿ. ರೊಟ್ಟಿ ಅವ್ನಿಗೆ ಕೊಡ್ತಿದೀರಾ?"

"ಹೌದು. ಅವ್ನು ನಮ್ಮ ರಕ್ತ."

"ನಾನು?"

"ನೀನು ನಮ್ಮ ಅಳಿಯ. ನಿನಗೇನು ಕಮ್ಮಿಯಾಗಿದೆ ಈ ಮನೇಲಿ? ಉಣ್ತಿಲ್ವಾ? ಉಡ್ತಿಲ್ವಾ?"

ಒಬ್ರೆನ್ ತಟ್ಟೆ ಪಕ್ಕಕ್ಕೆ ಸರಿಸಿದ. ಅವನು ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಮಾತು ಹೊರಡುವ ಮೊದಲೇ ಬೋಯಾನಾ ಮೇಜಿಗೆ ಕೈ ಬಡಿದಳು. ಹದಿನೇಳರ ಹುಡುಗಿ, ತಾತನ ನಾಲಿಗೆಯೇ ಅವಳಿಗೂ ಬಂದಿತ್ತು.

"ತಾತ, ನಿನ್ನ ಹೆಸರೇನು ಹೇಳು ನೋಡೋಣ?"

"ಏನೇ ಇದು ಹುಡುಗಾಟ?"

"ಹೇಳು! ದೊಮಾಜೆತ್! ಆ ಹೆಸರು ಎಲ್ಲಿಂದ ಬಂತು? ನೀನೇ ಕತೆ ಹೇಳ್ತಿದ್ದೆ. ಹೆರ್ಜೆಗೊವಿನಾ ಕಡೆಯಿಂದ ಯಾವನೋ ಕುರಿ ಹೊಡ್ಕೊಂಡು ಬಂದ, ಒಬ್ಳೇ ಮಗಳಿರೋ ಮನೆ ಸೇರ್ದ. ಊರು ಅವನ್ನ ದೊಮಾಜೆತ್ ಅಂತು, ಅವನ ಮಕ್ಕಳನ್ನ ದೊಮಾಜೆತನ ಮಕ್ಕಳು ಅಂತು. ಕೊನೆಗೆ ಪಾದ್ರಿ ಅದನ್ನೇ ಹೆಸರು ಅಂತ ಬರ್ಕೊಂಡ. ಅವನ ರೊಟ್ಟೀನೇ ನೀನು ಮುರೀತಿರೋದು! ಅವನಿಗೆ ಕೊಟ್ರು, ನಮ್ಮಪ್ಪನಿಗೆ ಯಾಕೆ ಕೊಡಲ್ಲ?"

"ಅವನ ಸ್ವಂತ ಹೆಸರು ಏನಿತ್ತು ಗೊತ್ತಾ ನಿಂಗೆ?" ಎಂದ ಮುದುಕ.

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ ಅಂತ ನೀನೇ ಹೇಳಿದ್ದು."

"ಹಾಂ! ಯಾರಿಗೂ ಗೊತ್ತಿಲ್ಲ. ಇನ್ನೂರು ವರ್ಷ ಆಗಿದೆ. ಸಮುದ್ರದ ಕಡೆ ಊರಿಗೂರೇ ಇದೆ ಈ ಹೆಸರಿನವ್ರು, ಒಬ್ಬರಿಗೂ ತಮ್ಮ ಮೊದಲನೆಯವನ ಹೆಸರು ಗೊತ್ತಿಲ್ಲ. ಇನ್ನೂರು ವರ್ಷ ಆದ್ಮೇಲೆ ಅದು ಮನೆತನ ಕಣೇ. ಅಲ್ಲೀವರೆಗೆ ಬೈಗುಳಾನೇ. ನಿಮ್ಮಪ್ಪಂಗೆ ಹೇಳು, ಕಾಯಲಿ."

"ಥೂ!" ಎಂದಳು ಬೋಯಾನಾ.

"ನಾಲಿಗೆ ಬಿಗಿ ಹಿಡಿ!" ದೆಸಾಂಕಾ ಮಗಳ ಭುಜಕ್ಕೆ ಹೊಡೆದಳು. "ತಾತನ ಮುಂದೆ ಥೂ ಅಂತಾಳೆ!"

ಸ್ತಾಮೆನಾ ಎದ್ದು ಒಲೆಯ ಕಡೆ ತಿರುಗಿ ನಿಂತಳು. ಆಮೇಲೆ ಮೆಲ್ಲನೆ, ಗಂಡನಿಗಷ್ಟೇ ಹೇಳುವಂತೆ, "ವಿತೋಮಿರ್, ಮೊಮೀರ್ ವಾಪಸ್ ಬರಲ್ಲ," ಎಂದಳು.

ಮೊಮೀರ್ ಅವರಿಗೆ ದೆಸಾಂಕಾಳಿಗಿಂತ ಮೊದಲು ಹುಟ್ಟಿದ ಮಗ. ಮೂರು ವರ್ಷದವನಿದ್ದಾಗ ಗಂಟಲುಮಾರಿಯಿಂದ ಸತ್ತಿದ್ದ. ಆ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. 

"ಆ ರೊಟ್ಟಿ ಅವನದು," ಎಂದ ಮುದುಕ. "ಅವನಿಗಿಲ್ಲದ್ದನ್ನ ಗವ್ರಿಚ್‌ಗಳ ಮನೆ ಹುಡುಗನಿಗೆ ಹೇಗೆ ಕೊಡ್ಲಿ? ನಾಳೆ ಮೇಲೆ ಹೋಗಿ ಮಗೂಗೆ ಏನಂತ ಹೇಳ್ಲಿ?"

ಒಬ್ರೆನ್‌ಗೆ ಒಂದು ಕ್ಷಣ ಮುದುಕನ ಮೇಲೆ ಕನಿಕರ ಬಂತು. ಆ ಕನಿಕರವೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಬೈಯೋಣವೆಂದರೆ ಬೈಯುವ ಹಾಗೂ ಇಲ್ಲವಲ್ಲ! ಅವನು ಕೊಟ್ಟಿಗೆಗೆ ಹೋಗಿ ಸಗಣಿ ಎತ್ತಿದ.

ಮರುದಿನ ಗಂಡ ಹೆಂಡತಿ ಅಂಗಳದಲ್ಲಿ ಎಲೆಕೋಸನ್ನು ಪೀಪಾಯಿಗೆ ತುಂಬಿಸಿ ಉಪ್ಪುನೀರು ಹಾಕುತ್ತಿದ್ದರು. ದೆಸಾಂಕಾ ಕೋಸಿನ ದಿಂಡು ಕೊರೆದು ಉಪ್ಪು ತುಂಬಿ ಕೊಡುತ್ತಿದ್ದಳು, ಅವನು ಒತ್ತೊತ್ತಾಗಿ ಜೋಡಿಸುತ್ತಿದ್ದ. 

"ಮುಖ ಊದಿಸ್ಕೊಂಡು ಎಷ್ಟು ದಿನ ಇರ್ತೀಯ?" ಎಂದಳು ಕೊನೆಗೆ.

"ನಿಂಗೆ ಮೊದಲೇ ಗೊತ್ತಿತ್ತು. ಅಲ್ವಾ?"

ಅವಳು ಕೋಸು ಕೊರೆಯುತ್ತಲೇ ಇದ್ದಳು. "ಗೊತ್ತಿತ್ತು. ಹೇಳಿ ಏನ್ ಮಾಡ್ಲಿ? ಜಗಳ ಆಗ್ತಿತ್ತು."

"ಈಗ ಆಗ್ಲಿಲ್ವಾ?"

"ಒಂದು ರೊಟ್ಟಿ ಕಣೋ ಅದು! ಹಿಟ್ಟು, ನೀರು. ಹಿಡಿಯೋನು ಹಿಡೀಲಿ. ಅಪ್ಪ ಹೋದ್ಮೇಲೆ ಮನೆ, ತೋಟ ಎಲ್ಲಾ ನನ್ನ ಹೆಸರಿಗೇ ಬರೋದು. ವೆಲ್ಕೊ ರೊಟ್ಟಿ ಮುರ್ಕೊಂಡು ಚಾಚಕ್‌ಗೆ ಹೋಗ್ತಾನೆ. ನಿನಗೆ ರೊಟ್ಟಿ ಬೇಕೋ, ಭೂಮಿ ಬೇಕೋ?"

ಒಬ್ರೆನ್ ಕೈಯಲ್ಲಿದ್ದ ಕೋಸನ್ನು ಪೀಪಾಯಿಯ ಅಂಚಿನ ಮೇಲಿಟ್ಟ.

"ಭೂಮಿಗೋಸ್ಕರ ಬಂದೆ ಅಂತೀಯಾ?"

"ನಾನು ಹಾಗಂದ್ನಾ?"

"ನಿಮ್ಮಪ್ಪ ನಿಶ್ಚಿತಾರ್ಥದಲ್ಲಿ ಏನಂದ್ರು, ನೆನಪಿದ್ಯಾ? ಒಂದು ಮನೇಲಿ ಒಬ್ಬನೇ ಸಂತ, ಒಂದೇ ಮೇಣದಬತ್ತಿ ಅಂದ್ರು. ನಿನ್ನ ಸಂತನ್ನ ನಿನ್ನ ಮನೇಲೇ ಬಿಟ್ಟು ಬಾ ಅಂದ್ರು. ಬಿಟ್ಟು ಬಂದೆ. ನಮ್ಮನೆ ಸಂತನ ಜ್ಯುರ್ಜಿಟ್ಸ್ ಹಬ್ಬಕ್ಕೆ ಒಂದು ವರ್ಷಾನೂ ಹೋಗ್ಲಿಲ್ಲ. ಅಮ್ಮ ಪ್ರತಿ ವರ್ಷ ಬಾಗಿಲಲ್ಲಿ ನಿಂತಿರ್ತಿದ್ಲಂತೆ, ಒಬ್ರೆನ್ ಬರ್ತಾನೆ, ಒಂದು ತಟ್ಟೆ ಇಟ್ಟಿರಿ ಅಂತ. ಸಾಯೋವರೆಗೂ ಇಟ್ಲು ಆ ತಟ್ಟೇನ! ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದ್ರೆ ನಾನು ಯಾರು ದೆಸಾಂಕಾ?"

"ನನ್ನ ಗಂಡ."

"ನಿಮ್ಮಪ್ಪಂಗೆ ಹೇಳು ಹಾಗಂತ. ಎಲ್ಲರ ಮುಂದೆ ಹೇಳು, ರೊಟ್ಟಿ ನನ್ನ ಗಂಡ ಹಿಡೀಬೇಕು ಅಂತ. ಒಂದ್ಸಲ ಹೇಳು."

ದೆಸಾಂಕಾ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು. ಅಪ್ಪನಿಗೂ ಗಂಡನಿಗೂ ನಡುವೆ ಸಿಕ್ಕು ಅವಳೂ ಹಣ್ಣಾಗಿದ್ದಳು. "ಯಾಕೆ ನನ್ನ ಪ್ರಾಣ ತಿಂತೀಯ? ಅವರು ಈ ಮನೆಯವ್ರು, ಅವರ ಮನೆ, ಅವರ ಹಬ್ಬ. ನೀನು ಬಂದೋನು! ಬಂದೋನು ಬಂದೋನ ಥರ ಇರ್ಬೇಕು!"

ಹೇಳಿದ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕೈಗೆ ಅಂಟಿದ್ದ ಉಪ್ಪು ತುಟಿಗೆ ಹತ್ತಿತು. ಒಬ್ರೆನ್ ಉಳಿದ ಕೋಸನ್ನು ಜೋಡಿಸಿ, ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಕಲ್ಲು ಹೇರಿ, ಕೈ ತೊಳೆದುಕೊಂಡ. ಅಂದಿನಿಂದ ಅವನು ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಆದರೂ ಹಬ್ಬದ ಕೆಲಸಕ್ಕೆ ಅವನು ಬೆನ್ನು ತೋರಿಸಲಿಲ್ಲ. ಹಂದಿಮರಿ ಕೊಯ್ದು ಇಡಿಯಾಗಿ ಸುಟ್ಟವನು ಅವನೇ. ನೆಲಮಾಳಿಗೆಯಿಂದ ವೈನ್ ತಂದವನು, ನೆರೆಮನೆಗಳಿಂದ ಬೆಂಚು ಹೊತ್ತು ತಂದವನು ಅವನೇ. ಅತ್ತೆ ರೊಟ್ಟಿಯ ಮೇಲೆ ಹಿಟ್ಟಿನ ಹಕ್ಕಿ, ದ್ರಾಕ್ಷಿ ಗೊಂಚಲು ಮಾಡಿ ಅಂಟಿಸುವಾಗ ಒಲೆಯ ಉರಿ ನೋಡಿಕೊಂಡವನೂ ಅವನೇ.

"ಒಬ್ರೆನ್," ಎಂದಳು ಸ್ತಾಮೆನಾ, ಯಾರೂ ಇಲ್ಲದಾಗ. "ನನ್ನ ಕೈಲಿದ್ದಿದ್ರೆ..."

"ಉರಿ ಸಾಕಾ ಅತ್ತೆ?"

"ಸಾಕು ಕಣಪ್ಪ," ಎಂದು ಅವಳು ಕಣ್ಣೊರೆಸಿಕೊಂಡಳು.

ಮಿತ್ರೋವ್ದಾನ್ ಬೆಳಿಗ್ಗೆ ಮುಂದಿನ ಕೋಣೆ ತುಂಬಿತು. ನೆಂಟರು, ನೆರೆಯವರು, ಸ್ರೆಚ್ಕೊ ಮತ್ತು ಅವನ ಹೆಂಡತಿ, ಚರ್ಚಿನ ಹಿರಿಯರು ಎಲ್ಲರೂ ಬಂದರು. ಬಾಗಿಲಲ್ಲೇ ಸಿಹಿ ಗೋಧಿಯನ್ನು ಒಂದೊಂದು ಚಮಚ ತಿಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕೂತರು. ವಿತೋಮಿರ್ ಮೇಜಿನ ತಲೆಯಲ್ಲಿ, ಊರುಗೋಲನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದ. ಎಲ್ಲರೂ ಬಂದರು, ವೆಲ್ಕೊ ಬರಲಿಲ್ಲ.

ಪಾದ್ರಿ ಎರಡು ಸಲ ಗಡಿಯಾರ ನೋಡಿದ. "ವಿತೋಮಿರ್, ನನಗಿನ್ನೂ ಆರು ಮನೆ ಇದೆಯಪ್ಪಾ."

"ಬರ್ತಾನೆ. ರಸ್ತೆ ಕೆಟ್ಟಿರ್ಬೇಕು."

"ಕೆಟ್ಟಿದ್ರೆ ಅವ್ನ ಹತ್ರ ಟೈರ್‌ಗೇನು ಬರನಾ?" ಎಂದ ಸ್ರೆಚ್ಕೊ. ಹೆಂಡತಿ ಅವನನ್ನು ತಿವಿದಳು.

ಇನ್ನೊಂದಷ್ಟು ಹೊತ್ತು ಕಾದರು. ಪಾದ್ರಿ ಎದ್ದು ನಿಂತು ರೊಟ್ಟಿಯ ತಟ್ಟೆ ಎತ್ತಿದ. "ಇನ್ನು ಆಗೋಲ್ಲ. ಯಾರು ಬರ್ತೀರಿ ಹೇಳಿ, ಇಲ್ಲಾ ನಾನು ಹೊರಡ್ತೀನಿ."

ಮುದುಕ ಸುತ್ತ ನೋಡಿದ. ಅಷ್ಟು ಜನ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಒಬ್ರೆನ್ ನಿಂತಿದ್ದ ಬಾಗಿಲ ಕಡೆಗೆ ತಿರುಗಲೇ ಇಲ್ಲ, ಮೇಜಿನ ಬಟ್ಟೆಗೆ ಹೇಳುವ ಹಾಗೆ ಹೇಳಿದ: "ಸರಿ. ವೆಲ್ಕೊ ಬರೋವರೆಗೆ ಇವ್ನು ಹಿಡ್ಕೊಳ್ಳಲಿ."

ಮರ್ಯಾದೆ ಇದ್ದವನು ಅಲ್ಲಿಂದಲೇ ಹೊರನಡೆಯುತ್ತಿದ್ದ ಎಂದು ಆಮೇಲೆ ಊರು ಹೇಳಿತು. ಊರಿಗೇನು, ಹೇಳುತ್ತದೆ! ಒಬ್ರೆನ್ ಹೋಗಲಿಲ್ಲ. ಕೈಯನ್ನು ಕೋಟಿಗೆ ಒರೆಸಿಕೊಂಡು ಬಂದು ಪಾದ್ರಿಯ ಎದುರು ನಿಂತ. ಪಾದ್ರಿ ರೊಟ್ಟಿಯ ಅಡಿಯಲ್ಲಿ ಶಿಲುಬೆಯಾಕಾರ ಕೊಯ್ದು ವೈನ್ ಹೊಯ್ದ. ಇಬ್ಬರೂ ರೊಟ್ಟಿಯನ್ನು ನಾಲ್ಕು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸತೊಡಗಿದರು. ಪಾದ್ರಿ ಹಾಡಿದ, ಒಬ್ರೆನ್ ಒಂದು ಪದವೂ ತಪ್ಪದೆ ಜೊತೆಗೂಡಿದ. ಬಾಗಿಲ ಪಕ್ಕದಲ್ಲಿ ನಿಂತು ಕೇಳಿ ಕೇಳಿ ಅವನಿಗೆ ಪೂರ್ತಿ ಬಾಯಿಪಾಠವಾಗಿತ್ತು. ರೊಟ್ಟಿ ಇನ್ನೂ ಬೆಚ್ಚಗಿತ್ತು. ವೈನ್ ಅವನ ಮಣಿಕಟ್ಟಿನ ಮೇಲೆ ಹರಿದು ಕೋಟಿನ ತೋಳಿನೊಳಗೆ ಇಳಿಯಿತು. ಅವನಿಗೆ ಸಂತೋಷವಾಯಿತು. ಅವಮಾನ, ಮುದುಕನ ಮಾತು, ಎಲ್ಲ ಮರೆತೇಹೋಗಿ ಬರೀ ಸಂತೋಷವಾಯಿತು. ಎದುರಿಗೆ ಬೋಯಾನಾ ಎರಡೂ ಕೈ ಕೆನ್ನೆಗೆ ಒತ್ತಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿಸಿತು.

"ನಿಲ್ಲಿ! ನಿಲ್ಸಿ!" ಮುದುಕ ಊರುಗೋಲಿನಿಂದ ನೆಲ ಕುಟ್ಟಿದ. "ಬಂದ! ವೆಲ್ಕೊ ಬಂದ!"

ಪಾದ್ರಿ ಹಾಡು ನಿಲ್ಲಿಸಿದ. ವೆಲ್ಕೊ ಒಳಗೆ ಬಂದು, ಶೂ ಒರೆಸುತ್ತಾ, "ದಾರೀಲಿ ಪೊಲೀಸ್ ಹಿಡಿದ್ರು ದೊಡ್ಡಪ್ಪ, ಸಾರಿ," ಎಂದ.

"ಕೈ ತೊಳ್ಕೊಂಡು ಬಾ, ಬೇಗ ಬಾ!"

"ವಿತೋಮಿರ್, ಅರ್ಧ ಆಗಿದೆ," ಎಂದ ಪಾದ್ರಿ. "ಮುರಿಯೋದೊಂದೇ ಬಾಕಿ. ಹೀಗೇ ಮುಗಿಸೋಣ."

"ಮುರಿಯೋದೇ ಮುಖ್ಯ! ಇವನ ಕೈಲಿ ಮುರಿಸ್ಬೇಡಿ! ನನ್ನ ಮನೆ ಇದು!"

ಒಬ್ರೆನ್ ರೊಟ್ಟಿ ಬಿಡಲಿಲ್ಲ. ಬಿಡಬಾರದೆಂದು ಹಟ ಹಿಡಿದನೋ, ಕೈಗೆ ಬುದ್ಧಿಯೇ ಹೋಯಿತೋ, ಅಂತೂ ಬೆರಳು ಸಡಿಲವಾಗಲಿಲ್ಲ.  ದೆಸಾಂಕಾ ಮೇಜಿನ ಆಚೆಯಿಂದ ಬಂದು ಅವನ ಪಕ್ಕ ನಿಂತಳು. ಅವಳು ಈಗ ಹೇಳುತ್ತಾಳೆ ಎಂದು ಅವನಿಗೆ ಅನ್ನಿಸಿತು. ಅವಳ ಕಡೆ ತಿರುಗಿ ನೋಡಿದ ಕೂಡ.

"ಬಿಡು," ಎಂದಳು ಅವಳು, ತುಟಿಯಲ್ಲೇ. "ಜನ ನೋಡ್ತಿದಾರೆ, ಬಿಡು."

ಅವಳೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ವೆಲ್ಕೊ ಒದ್ದೆ ಕೈಯಲ್ಲೇ ರೊಟ್ಟಿ ಹಿಡಿದ. ಪಾದ್ರಿ "ಕ್ರಿಸ್ತ ನಮ್ಮ ನಡುವೆ ಇದ್ದಾನೆ" ಎಂದಾಗ ಏನು ಉತ್ತರ ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ, "ಥ್ಯಾಂಕ್ಸ್" ಎಂದ. ಯಾರೋ ಕಿಸಕ್ಕನೆ ನಕ್ಕರು. ರೊಟ್ಟಿ ಮುರಿಯಿತು. ಮುದುಕ ಎಲ್ಲರ ಎದುರೇ ಅತ್ತುಬಿಟ್ಟ.

ಮಧ್ಯಾಹ್ನವಾಗುವುದರೊಳಗೆ ವೆಲ್ಕೊನ ಹೊಸ ಶೂ ಕಚ್ಚಿತು, ಅವನು ಅತಿಥಿಗಳ ನಡುವೆ ಕೂತು ಕುಡಿಯತೊಡಗಿದ. ಹುಳಿ ಕೋಸಿನ ಸುರುಳಿ, ಸುಟ್ಟ ಮಾಂಸ, ವೈನ್ ಎಲ್ಲವನ್ನೂ ರಾತ್ರಿಯವರೆಗೆ ಓಡಾಡಿ ಬಡಿಸಿದವನು ಒಬ್ರೆನ್. ಹೊರಡುವಾಗ ಜನ ವೆಲ್ಕೊನ ಕೈ ಕುಲುಕಿದರು. "ಒಳ್ಳೇ ಹಬ್ಬ ಮಾಡ್ದೆ ಯಜಮಾನ!" ಎಂದರು.

ಆ ವಾರ ಆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಉಳಿದ ಮಾಂಸವನ್ನು ಬಿಸಿ ಮಾಡಿ ಮಾಡಿ ತಿಂದರು. ಮುದುಕ ಎಂದಿನಂತೆ ಮಂಚದಿಂದ ಕೂಗಿದ, ಒಬ್ರೆನ್ ಎಂದಿನಂತೆ ಮಾಡಿದ. ದೆಸಾಂಕಾ ಒಂದು ಸಲ ಅವನ ತಟ್ಟೆಗೆ ಎರಡನೇ ತುಂಡು ಹಾಕಲು ಬಂದಾಗ ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಎಂಟು ದಿನ ಕಳೆದು ಗವ್ರಿಚ್‌ಗಳ ಜ್ಯುರ್ಜಿಟ್ಸ್ ಬಂದಾಗ ಒಬ್ರೆನ್ ಬೆಳಗಿನ ಹಾಲು ಕರೆದು, ಕ್ಷೌರ ಮಾಡಿಕೊಂಡು, ವೈನ್ ಕಲೆಯಾದ ಅದೇ ಕೋಟು ತೊಟ್ಟ.

"ಎಲ್ಲಿಗೆ?" ಎಂದಳು ದೆಸಾಂಕಾ.

"ನಮ್ಮ ಹಬ್ಬಕ್ಕೆ. ದೂಬ್‌ಗೆ."

"ಯಾವಾಗ ಬರ್ತೀಯ?"

ಅವನು ಹೊಸಿಲು ದಾಟಿದ. ಬೋಯಾನಾ ಗೇಟಿನವರೆಗೆ ಬಂದಳು. "ಅಪ್ಪ, ಬರ್ದೇ ಇದ್ರೂ ಪರ್ವಾಗಿಲ್ಲ. ನಾನೇ ಅಲ್ಲಿಗೆ ಬರ್ತೀನಿ," ಎಂದಳು. ಅವನು ಅವಳ ತಲೆ ಸವರಿ ಹೊರಟ.

ದೂಬ್ ಊರು ಬೆಟ್ಟದ ಆಚೆ. ಹುಟ್ಟಿದ ಮನೆಗೆ ತಮ್ಮ ಬೊಗ್ದಾನ್ ಮಹಡಿ ಕಟ್ಟಿಸಿದ್ದ. ಅಣ್ಣನನ್ನು ಕಂಡು ಅವನು ಓಡಿ ಬಂದು ಅಪ್ಪಿಕೊಂಡ, ನಿಜವಾಗಿಯೂ ಅತ್ತ. ನಾದಿನಿ, ಬೊಗ್ದಾನ್‌ನ ಹೆಂಡತಿ, ಸಿಹಿ ಗೋಧಿ ತಂದಳು. ಅಂಗಳದಲ್ಲೇ, ಒಳಗೆ ಹೋಗುವ ಮೊದಲೇ, ಒಬ್ರೆನ್ ಕೇಳಿಬಿಟ್ಟ.

"ಬೊಗ್ದಾನ್, ಮೇಲೆ ಕೋಣೆ ಖಾಲಿ ಇದ್ಯಾ?"

"ಯಾಕಣ್ಣ?"

"ಸ್ವಲ್ಪ ದಿನ ಇರೋಣ ಅಂತ."

ಬೊಗ್ದಾನ್‌ನ ಕೈ ಅಣ್ಣನ ಭುಜದ ಮೇಲಿಂದ ಇಳಿಯಿತು. "ಒಂದೆರಡು ರಾತ್ರಿಗೇನು, ಇರು. ಆದ್ರೆ... ಹುಡುಗ್ರು ದೊಡ್ಡೋರಾದ್ರು ನೋಡು, ಕೋಣೆ ಅವ್ರದು. ಜನಾನೂ ಮಾತಾಡ್ಕೊಳ್ತಾರೆ, ಮನೆ ಅಳಿಯ ಆಗಿ ಹೋದೋನನ್ನ ಓಡಿಸಿದ್ರು ಅಂತ. ನಿನಗೇ ಮರ್ಯಾದೆ ಅಲ್ಲ ಅದು. ಏನಾಯ್ತು, ಜಗಳಾನಾ? ಸರಿಹೋಗತ್ತೆ ಬಿಡು, ಒಳಗೆ ಬಾ."

ಒಳಗೆ ಅವನನ್ನು ಒಳ್ಳೆಯ ಜಾಗದಲ್ಲಿ, ಕಿಟಕಿಯ ಪಕ್ಕ ಕೂರಿಸಿದರು. ಗವ್ರಿಚ್‌ಗಳ ರೊಟ್ಟಿ ಆಗಲೇ ಮುರಿದಾಗಿತ್ತು, ಬೊಗ್ದಾನ್ ಮತ್ತು ಅವನ ಹಿರಿಯ ಮಗ ಸೇರಿ ಮುರಿದಿದ್ದರು. ಬೊಗ್ದಾನ್ ಹೂಜಿ ಹಿಡಿದು ನಿಂತು ಎಲ್ಲರಿಗೂ ಬಗ್ಗಿಸುತ್ತಿದ್ದ. ತಟ್ಟೆಗಳು ಖಾಲಿಯಾದಾಗ ಒಬ್ರೆನ್ ಅಭ್ಯಾಸಬಲದಿಂದ ಎದ್ದು ನಾಲ್ಕು ತಟ್ಟೆ ಒಟ್ಟು ಮಾಡಿದ. ನಾದಿನಿ ಗಾಬರಿಯಾಗಿ ಕಸಿದುಕೊಂಡಳು.

"ಅಯ್ಯಯ್ಯೋ ಭಾವ, ನೀವು ಅತಿಥಿ! ಕೂತ್ಕೊಳ್ಳಿ!"

ಅವನು ಕೂತ. ಬೊಗ್ದಾನ್‌ನ ಕಿರಿಯ ಮಗಳು ನೆವೆನಾ, ಮುಂದಿನ ಹಲ್ಲು ಬಿದ್ದ ಹುಡುಗಿ, ಅವನ ಪಕ್ಕ ಬಂದು ನಿಂತು ಪಿಳಿಪಿಳಿ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಕಿವಿ ಮಂದವಾದ ಮುದುಕನಿಗೆ ಜೋರಾಗಿ ಪರಿಚಯ ಮಾಡಿಕೊಟ್ಟಳು.

"ಇವ್ರು ನಮ್ಮ ದೊಮಾಜೆತ್ ದೊಡ್ಡಪ್ಪ!"

ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ. ಒಬ್ರೆನ್ ಅವಳನ್ನು ಹತ್ತಿರ ಎಳೆದುಕೊಂಡ.

"ಪುಟ್ಟಿ, ನಿನ್ನ ಹೆಸರು ಪೂರ್ತಿ ಹೇಳು."

"ನೆವೆನಾ ಗವ್ರಿಚ್."

"ನಿಮ್ಮಪ್ಪಂದು?"

"ಬೊಗ್ದಾನ್ ಗವ್ರಿಚ್."

"ನಾನು ನಿಮ್ಮಪ್ಪನ ಅಣ್ಣ. ಈ ಮನೇಲೇ ಹುಟ್ಟಿದ್ದು. ನನ್ನ ಹೆಸರೇನು?"

ಇಷ್ಟು ಸುಲಭದ ಪ್ರಶ್ನೆಗೆ ಹುಡುಗಿ ನಕ್ಕಳು. "ಒಬ್ರೆನ್ ದೊಮಾಜೆತ್!"

 ಒಬ್ರೆನ್ ತಮ್ಮನ ಮುಖ ನೋಡಿದ. ಬೊಗ್ದಾನ್ ಹೂಜಿಯೊಳಗೆ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಿದ್ದ. "ಮಗು ಅದು ಭಾವ, ಏನ್ ಗೊತ್ತಾಗತ್ತೆ," ಎಂದಳು ನಾದಿನಿ. ಅಷ್ಟು ಹೇಳಿದಳೇ ಹೊರತು ಸರಿಯಾದ ಹೆಸರು ಯಾವುದೆಂದು ಅವಳೂ ಹೇಳಿಕೊಡಲಿಲ್ಲ, ಬೇರೆ ಯಾರೂ ಹೇಳಿಕೊಡಲಿಲ್ಲ.

"ಜಾಣೆ," ಎಂದ ಒಬ್ರೆನ್, ಹುಡುಗಿಯ ಕೆನ್ನೆ ಮುಟ್ಟಿ. ಎದ್ದು ನಿಂತ.

"ಎಲ್ಲಿಗಣ್ಣ? ಇನ್ನೂ ಸಿಹಿ ಬಂದಿಲ್ಲ," ಎಂದ ಬೊಗ್ದಾನ್.

"ಹೊತ್ತಾಯ್ತು. ಹಸು ಕರೀಬೇಕು."

"ಯಾರ ಹಸು?" ಎಂದ ಕಿವಿ ಮಂದದ ಮುದುಕ, ಅರ್ಧಂಬರ್ಧ ಕೇಳಿಸಿಕೊಂಡು.

ಒಬ್ರೆನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಂತ.

"ಅವ್ರ ಹಸು," ಎಂದು ಹೇಳಿ ಬೆಟ್ಟದ ದಾರಿ ಹಿಡಿದ.